ಗಾಡಿ ಹೆಸರು ಬೇಡ, ಪಂಪಿನ ನಂಬರ್ ಹೇಳಿ

ಊರಲ್ಲಿ ಅಪ್ಪನದೋ, ಮಾವನದೋ, ಭಾವನದೋ ಒಂದು ಹಳೇ ಡೀಸೆಲ್ ಪಿಕಪ್ ಇದ್ದರೆ, ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಒಂದಲ್ಲ ಒಂದು ದಿನ ಈ ಫೋನ್ ಬಂದೇ ಬರುತ್ತೆ: ‘ಡೀಸೆಲ್ ಪಂಪು ಹೋಗದಂತೆ ಕಣೋ. ಇಲ್ಲೆಲ್ಲೂ ಸಿಕ್ತಿಲ್ಲ. ಆನ್‌ಲೈನಲ್ಲಿ ಒಂದು ನೋಡು.’ ಗಾಡಿ ಹೆಸರು, ಇಸವಿ ಹಾಕಿ ಹುಡುಕಿದರೆ ಮೊಬೈಲ್ ಪರದೆ ತುಂಬ ಪಂಪುಗಳು. ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಅಜಗಜಾಂತರ. ಆದರೆ ಎಲ್ಲದರ ಕೆಳಗೂ ‘ನಿಮ್ಮ ಗಾಡಿಗೆ ಹೊಂದುತ್ತದೆ’ ಅನ್ನೋ ಅದೇ ಸಾಲು.

ಹೊಂದೋದು ಅಂದರೇನು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ. ಬೋಲ್ಟ್ ಕೂತರೆ ಹೊಂದಿದ ಹಾಗೆ ಅಲ್ಲ. ಅದು ನನಗೆ ಗೊತ್ತಾಗಿದ್ದು ಮಂಡ್ಯ ಜಿಲ್ಲೆಯ ನಾಲ್ಕು ಊರು ಸುತ್ತಿದ ಒಂದು ಪಂಪಿನಿಂದ.

ಭಾವನದು ಪಾಂಡವಪುರ ತಾಲ್ಲೂಕು. ಹದಿನಾರು ವರ್ಷ ಹಳೆಯ ಪಿಕಪ್ಪಿನಲ್ಲಿ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಮಂಡ್ಯ ಎಪಿಎಂಸಿಗೆ ಹಾಕೋದು ಅವರ ಕೆಲಸ. ಅಚ್ಚು, ಬಕೆಟ್, ಕುರಿಕಾಲಚ್ಚು, ಬೆಲ್ಲ ಯಾವುದಾದರೂ ಸರಿ, ಸಂಕ್ರಾಂತಿಗೆ ಮುಂಚಿನ ಎರಡು ವಾರ ಬಾಡಿಗೆಗೆ ಬಿಡುವಿರಲ್ಲ. ಮಗಳ ಹಾಸ್ಟೆಲ್ ಫೀಸು ಆ ದುಡ್ಡಲ್ಲೇ ಕಟ್ಟಬೇಕು. ಸರಿಯಾಗಿ ಆಗಲೇ ಗಾಡಿ ಕೈಕೊಟ್ಟಿತು. ಖಾಲಿ ಇದ್ದಾಗ ಓಡುತ್ತೆ, ಲೋಡ್ ಹಾಕಿ ಏರು ಹತ್ತಿಸಿದರೆ ಉಸಿರು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತೆ. ಒಮ್ಮೆ ಬೇರೆ ಗಾಡಿ ಹಿಡಿದ ಆಲೆಮನೆಯವರು ವಾಪಸ್ ಬರೋದು ಕಷ್ಟ. ‘ಇದನ್ನ ಗುಜರಿಗೆ ಹಾಕಿ ಸಾಲ ಮಾಡಿ ಹೊಸದು ತಗೊಂಬುಡಿ’ ಅನ್ನೋರೂ ಮನೆ ಬಾಗಿಲಿಗೆ ಬಂದಾಗಿತ್ತು. ಇನ್ನು ಐದು ವರ್ಷ ಕಂತು ಕಟ್ಟೋದಾ, ಒಂದು ಪಂಪು ಹುಡುಕೋದಾ ಅನ್ನೋ ಪರಿಸ್ಥಿತಿ.

‘ಪಂಪು’ ಅಂದರೆ ಯಾವ ಪಂಪು?

ಗ್ಯಾರೇಜಿನಲ್ಲಿ ‘ಪಂಪು’ ಅನ್ನೋ ಒಂದೇ ಪದಕ್ಕೆ ಎರಡು ಮೂರು ಅರ್ಥ. ಅರ್ಧ ಗೊಂದಲ ಹುಟ್ಟೋದೇ ಇಲ್ಲಿ.

ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳೋದು ಫೀಡ್ ಪಂಪ್. ಕೈಯಲ್ಲಿ ಹಿಡಿಯುವಷ್ಟೇ ಗಾತ್ರ. ಇದರ ಒತ್ತಡ ಒಂದೆರಡು ಬಾರ್, ಅಂದರೆ ಹೆಚ್ಚುಕಮ್ಮಿ ಕಾರಿನ ಟೈರಿನಲ್ಲಿರೋ ಗಾಳಿಯಷ್ಟು. ಎಷ್ಟೋ ಗಾಡಿಗಳಲ್ಲಿ ಇದರ ನೆತ್ತಿಯ ಮೇಲೆ ಒತ್ತುವ ಒಂದು ಗುಂಡಿ ಇರುತ್ತೆ, ಅದು ಪ್ರೈಮರ್. ಪೈಪಿನಲ್ಲಿ ಏರ್ ಹಿಡಿದಾಗ ಕೈಯಿಂದ ಒತ್ತಿ ತೆಗೆಯೋಕೆ.

ಫಿಲ್ಟರ್ ದಾಟಿ ಬಂದ ಡೀಸೆಲನ್ನ ಅಳೆದು, ಸರಿಯಾದ ಕ್ಷಣಕ್ಕೆ ಒಂದೊಂದು ಸಿಲಿಂಡರಿಗೂ ಹಂಚೋದು ಎಫ್‌ಐಪಿ, ಅಂದರೆ ಇಂಜೆಕ್ಷನ್ ಪಂಪ್. ಹಳೇ ಡಿಐ ಎಂಜಿನ್ನುಗಳಲ್ಲಿ ನಾಜಲ್ ಬಾಯಿ ತೆರೆಯಬೇಕಾದರೇ ಸುಮಾರು 200 ಬಾರ್ ಅಥವಾ ಅದಕ್ಕೂ ಹೆಚ್ಚು ಒತ್ತಡ ಬೇಕು. ಇದರೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ಜೋಡಿಯ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಹಾಗಾಗಿ ಡೀಸೆಲ್ ಜೊತೆ ನೀರು ಬಂದರೆ ಮೊದಲು ಹಾಳಾಗೋದೂ ಇದೇ.

ಫೀಡ್ ಪಂಪಿಗೆ ಸಾವಿರಗಳ ಲೆಕ್ಕ, ಎಫ್‌ಐಪಿಗೆ ಹತ್ತಾರು ಸಾವಿರದ ಲೆಕ್ಕ. ಆದರೆ ಎರಡಕ್ಕೂ ಲಕ್ಷಣ ಸುಮಾರಾಗಿ ಒಂದೇ ಥರ: ಸ್ಟಾರ್ಟ್ ಆಗಲ್ಲ, ಎಳೆಯಲ್ಲ, ಏರಿನಲ್ಲಿ ನಿಲ್ಲುತ್ತೆ.

ನಾಲ್ಕು ಊರು, ನಾಲ್ಕು ಉತ್ತರ

ಭಾವ ಮೊದಲು ಹೋಗಿದ್ದು ಶ್ರೀರಂಗಪಟ್ಟಣಕ್ಕೆ. ಹೆದ್ದಾರಿ ಊರು, ಸ್ಪೇರ್ಸ್ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಅಂಗಡಿಯಲ್ಲಿ ಇಡೋದು ಓಡೋ ಮಾಲು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ರಸ್ತೆಗಿಳಿದ ಡೀಸೆಲ್ ಪಿಕಪ್‌ಗಳೆಲ್ಲ ಕಾಮನ್ ರೈಲ್. ಅವುಗಳ ಪಂಪೇ ಬೇರೆ, ಒತ್ತಡ ಸಾವಿರ ಬಾರ್ ದಾಟುತ್ತೆ. ಹಳೇ ಮೆಕ್ಯಾನಿಕಲ್ ಪಂಪು ಕೇಳಿದರೆ ‘ಅದು ಬರಲ್ಲ ಸಾ ಈಗ’ ಅನ್ನೋ ಉತ್ತರ. ಅಲ್ಲೇ ಒಬ್ಬರು ಗಾಡಿಯ ಬಾನೆಟ್ಟೂ ಎತ್ತದೆ ‘ಎಫ್‌ಐಪಿನೇ ಹೋಗದೆ, ಪೂರ್ತಿ ಬದಲಾಯಿಸ್ಬೇಕು’ ಅಂದರು. ಅಕ್ಕ ನನಗೆ ಫೋನ್ ಮಾಡಿದ್ದು ಅವತ್ತೇ.

ಎರಡನೇದು ಪಾಂಡವಪುರ. ಕಬ್ಬಿನ ಊರು, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳ ಊರು. ಅಲ್ಲೊಬ್ಬರು ಟ್ರ್ಯಾಕ್ಟರಿನ ಫೀಡ್ ಪಂಪ್ ತಂದು ಹಾಕಿದರು. ಬೋಲ್ಟುಗಳು ಕೂತವು, ಪೈಪು ಕೂತಿತು, ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು. ಎಲ್ಲರಿಗೂ ಸಂತೋಷ. ಮಾರನೇ ದಿನ ಅರ್ಧ ಲೋಡ್ ಹಾಕಿಕೊಂಡು ಜಕ್ಕನಹಳ್ಳಿ ಮೇಲೆ ಮೇಲುಕೋಟೆ ಏರು ಹತ್ತಿಸಿದರು ನೋಡಿ, ಅರ್ಧ ದಾರಿಯಲ್ಲಿ ಮತ್ತೆ ಅದೇ ಕಥೆ. ಟ್ರ್ಯಾಕ್ಟರ್ ಎಂಜಿನ್ ನಿಧಾನಕ್ಕೆ ತಿರುಗೋದು, ಅದರ ಪಂಪು ಒಂದೊಂದು ಏಟಿಗೆ ತಳ್ಳೋ ಡೀಸೆಲ್ ಆ ಎಂಜಿನ್ನಿಗೆ ಬೇಕಾದಷ್ಟು. ಪಿಕಪ್ಪಿಗೆ ಸಮತಟ್ಟು ರಸ್ತೆಯಲ್ಲಿ ಅದು ಸಾಲುತ್ತೆ, ಏರಿನಲ್ಲಿ ಸಾಲಲ್ಲ.

ಮೂರನೇದು ಕೆ.ಆರ್. ಪೇಟೆ. ಗುಜರಿಯಲ್ಲಿ ಅದೇ ಮಾಡೆಲ್ ಗಾಡಿಯಿಂದ ಬಿಚ್ಚಿದ ಪೂರ್ತಿ ಎಫ್‌ಐಪಿ ಇದೆ ಅಂತ ಗೊತ್ತಾಯ್ತು. ನೋಡೋಕೆ ಅವಳಿ ಜವಳಿ. ಭಾವ ದುಡ್ಡು ಕೊಡೋಕೆ ತಯಾರಾಗಿದ್ದರು. ಎರಡೂ ಪಂಪಿನ ಪಕ್ಕದಲ್ಲಿರೋ ತಗಡಿನ ಪ್ಲೇಟಿನ ಫೋಟೊ ಕಳಿಸಿ ಅಂದೆ. ಡೀಸೆಲ್ ಮಸಿ ಒರೆಸಿ ಕಳಿಸಿದರು. ನಮ್ಮದರಲ್ಲಿ ಒಂದು ಅಂಕಿ, ಗುಜರಿಯದರಲ್ಲಿ ಬೇರೆ ಅಂಕಿ. ಬೇಡ ಅಂದೆ.

ನಾಲ್ಕನೇದು ನಾಗಮಂಗಲ. ಪಂಪು, ನಾಜಲ್ ಕೆಲಸ ಮಾತ್ರ ಮಾಡೋ ಹಿರಿಯರೊಬ್ಬರು ಅಲ್ಲಿದ್ದಾರೆ ಅಂತ ಲಾರಿ ಡ್ರೈವರೊಬ್ಬರು ಹೇಳಿದರು. ಶನಿವಾರ ನಾನೂ ಬೆಳ್ಳೂರು ಕ್ರಾಸ್ ಮೇಲೆ ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ. ನಾನು ಗಾಡಿ ಹೆಸರು, ಇಸವಿ ಶುರು ಮಾಡುತ್ತಿದ್ದ ಹಾಗೆ ಅವರು ಕೈ ಅಡ್ಡ ಹಿಡಿದರು. ‘ಗಾಡಿ ಎಸ್ರು ಬ್ಯಾಡ ಬುಡಿ ಸಾ. ಪಂಪಿನ್ ನಂಬರ್ ಯೋಳಿ. ಆಮೇಕೆ, ಪಂಪು ಹೋಗದೆ ಅಂತ ನಿಮ್ಗೆ ಯೋಳಿದ್ಯಾರು?’

ಬದಲಾಯಿಸೋ ಮುಂಚೆ ಹತ್ತು ನಿಮಿಷ

ಅವರು ಮಾಡಿದ ಪರೀಕ್ಷೆ ಸರಳ. ಶುದ್ಧ ಡೀಸೆಲ್ ಇರೋ ಕ್ಯಾನನ್ನ ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿ, ಅದರ ಪೈಪನ್ನ ನೇರವಾಗಿ ಫೀಡ್ ಪಂಪಿನ ಒಳದಾರಿಗೆ ಕೊಟ್ಟರು. ಈಗ ಗಾಡಿ ಚೆನ್ನಾಗಿ ಎಳೆದರೆ ಪಂಪಿನ ತಪ್ಪಲ್ಲ. ಟ್ಯಾಂಕು, ಟ್ಯಾಂಕಿನ ಮುಚ್ಚಳದ ಗಾಳಿ ತೂತು, ನೀರು ಬೇರ್ಪಡಿಸೋ ಬಟ್ಟಲು, ಬಿರುಕು ಬಿಟ್ಟ ರಬ್ಬರ್ ಪೈಪು ಇವುಗಳಲ್ಲೇ ಏನೋ ಇದೆ. ನಮ್ಮದು ಸ್ವಲ್ಪ ಸುಧಾರಿಸಿತು, ಪೂರ್ತಿ ಸರಿಹೋಗಲಿಲ್ಲ. ಆಮೇಲೆ ಅದೇ ಕ್ಯಾನನ್ನ ಫೀಡ್ ಪಂಪು ಬಿಟ್ಟು ಸೀದಾ ಫಿಲ್ಟರಿಗೆ ಕೊಟ್ಟರು. ಎಂಜಿನ್ ಸದ್ದೇ ಬದಲಾಯ್ತು. ಅಂದರೆ ಎಫ್‌ಐಪಿ ಗಟ್ಟಿಯಾಗಿದೆ. ಹೋಗಿರೋದು ಫೀಡ್ ಪಂಪು, ಜೊತೆಗೆ ಟ್ಯಾಂಕಿನಿಂದ ಬರೋ ಒಂದು ಪೈಪು ಗಾಳಿ ಎಳೀತಿದೆ.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದರು. ಆಯಿಲ್ ಮಟ್ಟ ತಾನಾಗೇ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಪಂಪಿನ ಸೀಲು ಕಿತ್ತು ಡೀಸೆಲ್ ಒಳಗೆ ಇಳೀತಿದೆ ಅಂತ ಅರ್ಥ. ಆಗ ಗಾಡಿ ಓಡಿಸಲೇಬಾರದು. ನೀರಾದ ಆಯಿಲ್ ಬೇರಿಂಗುಗಳನ್ನ ತಿಂದುಹಾಕುತ್ತೆ, ಪಂಪಿನ ಖರ್ಚು ಹೋಗಿ ಎಂಜಿನ್ ಖರ್ಚಾಗುತ್ತೆ.

ಒಂದು ಎಚ್ಚರಿಕೆ. ಕ್ಯಾನ್ ಕಟ್ಟೋ ಪರೀಕ್ಷೆ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಮಾತ್ರ, ಅದೂ ಕೆಲಸ ಬಲ್ಲವರ ಕೈಯಲ್ಲಿ, ಬಯಲಿನಲ್ಲಿ. ಕಾಮನ್ ರೈಲ್ ಗಾಡಿಯ ಪೈಪನ್ನ ಎಂಜಿನ್ ಓಡುವಾಗ ಸಡಿಲಿಸಿದರೆ ಆ ಒತ್ತಡದ ಡೀಸೆಲ್ ಚರ್ಮವನ್ನೇ ಸೀಳಿಕೊಂಡು ಒಳಗೆ ಹೋಗುತ್ತೆ.

ಪ್ಲೇಟ್ ಓದೋದು ಹೇಗೆ?

ಒಂದೇ ಹೆಸರಿನ ಗಾಡಿಗೆ ಕಾಲಕಾಲಕ್ಕೆ ಬೇರೆ ಬೇರೆ ಎಂಜಿನ್ ಬಂದಿರುತ್ತೆ. ನಮ್ಮ ಕಡೆ ಇವತ್ತಿಗೂ ಕಾಣೋ ಟಾಟಾ 207 ಡಿಐನದು 2956 ಸಿಸಿ ಎಂಜಿನ್. ಅದೇ ಮನೆತನದ ಹಳೇ ಟಾಟಾಮೊಬೈಲ್‌ದು 1948 ಸಿಸಿ. ಮಹೀಂದ್ರ ಬೊಲೆರೊದ 2523 ಸಿಸಿ ಎಂಜಿನ್ ಮೆಕ್ಯಾನಿಕಲ್ ಪಂಪಿನಲ್ಲೂ ಬಂದಿದೆ, ಕಾಮನ್ ರೈಲ್‌ನಲ್ಲೂ ಬಂದಿದೆ. ಹೆಸರು ಹೇಳಿ ಪಂಪು ಕೇಳೋದು ಅಂದರೆ ‘ಗೌಡ್ರ ಮನೆ ಎಲ್ಲಿ’ ಅಂತ ಮಂಡ್ಯದಲ್ಲಿ ಕೇಳಿದ ಹಾಗೆ.

ನಿಜವಾದ ವಿಳಾಸ ಪಂಪಿನ ಮೈಮೇಲೇ ಇದೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಇದನ್ನ ಈಗಲೂ ‘ಮೈಕೋ ಪಂಪು’ ಅಂತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯ್ತು. ಹಳೇ ಪ್ಲೇಟುಗಳಲ್ಲಿ ಮೈಕೋ ಹೆಸರೇ ಇದ್ದರೆ ಆಶ್ಚರ್ಯ ಪಡಬೇಡಿ.

ಪ್ಲೇಟಿನಲ್ಲಿ ಎರಡು ಸಾಲು ಮುಖ್ಯ. ಒಂದು, ಹತ್ತು ಅಕ್ಷರ-ಅಂಕಿಗಳ ಪಾರ್ಟ್ ನಂಬರ್. ಇನ್ನೊಂದು, ಪಂಪಿನ ಜಾತಿ ಹೇಳೋ ಸಾಲು. ಸಾಲಾಗಿ ನಿಂತ ಪ್ಲಂಜರುಗಳ ಇನ್‌ಲೈನ್ ಪಂಪಾದರೆ ‘ಪಿಇಎಸ್ 4 ಎ 80’ ಅನ್ನೋ ಥರ ಇರುತ್ತೆ. 4 ಅಂದರೆ ನಾಲ್ಕು ಸಿಲಿಂಡರ್, ಎ ಅಂದರೆ ಪಂಪಿನ ಗಾತ್ರ, 80 ಅಂದರೆ ಪ್ಲಂಜರ್ 8 ಮಿಲಿಮೀಟರ್. ಕೆ.ಆರ್. ಪೇಟೆಯ ಪಂಪಿನಲ್ಲಿ ಬೇರೆ ಇದ್ದಿದ್ದು ಈ ಕೊನೆಯ ಅಂಕಿಯೇ. ಪ್ಲಂಜರ್ ದಪ್ಪ ಬದಲಾದರೆ ಅಳತೆ ಪೂರ್ತಿ ಬದಲಾಗುತ್ತೆ. ಒಂದೋ ಕಪ್ಪು ಹೊಗೆ, ಇಲ್ಲವೇ ಎಳೆತವೇ ಇಲ್ಲ.

ದುಂಡಗಿರೋ ರೋಟರಿ ಪಂಪಾದರೆ ‘ವಿಇ 4/11 ಎಫ್ 2000 ಆರ್’ ಅನ್ನೋ ಥರ. ನಾಲ್ಕು ಸಿಲಿಂಡರ್, 11 ಮಿಲಿಮೀಟರ್ ಪ್ಲಂಜರ್, ಪಂಪಿನ ವೇಗ ನಿಮಿಷಕ್ಕೆ 2000 ಸುತ್ತು. ಕೊನೆಯ ಆರ್ ಅಂದರೆ ಬಲಕ್ಕೆ ತಿರುಗೋದು, ಎಲ್ ಇದ್ದರೆ ಎಡಕ್ಕೆ. ತಿರುಗೋ ದಿಕ್ಕು ಬೇರೆಯಾದರೆ ಪಂಪು ಎಷ್ಟೇ ಹೊಸದಾದರೂ ನಿಮ್ಮ ಎಂಜಿನ್ನಿಗೆ ಆಗಲ್ಲ.

ಫೀಡ್ ಪಂಪಿನಲ್ಲೂ ನಂಬರ್ ಕೆತ್ತಿರುತ್ತೆ. ಅದು ಅಳಿಸಿಹೋಗಿದ್ದರೆ ಅದು ಕೂತಿರೋ ಎಫ್‌ಐಪಿ ನಂಬರಿನಿಂದ ಹುಡುಕಬಹುದು. ಜೊತೆಗೆ ಹಳೇದನ್ನ ಪಕ್ಕದಲ್ಲಿಟ್ಟು ನಾಲ್ಕು ವಿಷಯ ಹೋಲಿಸಿ: ಬೋಲ್ಟ್ ತೂತುಗಳ ಅಂತರ, ಒಳಗೆ ಒತ್ತಿಸಿಕೊಳ್ಳೋ ಕಡ್ಡಿಯ ಉದ್ದ, ಪೈಪು ಕೂರೋ ಮರೆಯ ಅಳತೆ, ಡೀಸೆಲ್ ಒಳಗೆ-ಹೊರಗೆ ಹೋಗೋ ದಿಕ್ಕು.

ಹೊಸದಾ, ಹಳೇದಾ, ರಿಪೇರಿನಾ?

ನಂಬರ್ ಬರೆದುಕೊಂಡು ಸೋಮವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಮೊದಲ ಎರಡು ಅಂಗಡಿಯಲ್ಲಿ ಇಲ್ಲ ಅಂದರು. ಮೂರನೆಯವರು ನಂಬರ್ ನೋಡಿ ಒಳಗೆ ಹೋಗಿ ಡಬ್ಬ ತಂದಿಟ್ಟರು, ಗಾಡಿ ಯಾವುದು ಅಂತ ಕೇಳಲೂ ಇಲ್ಲ. ಡಬ್ಬದ ಮೇಲಿನ ನಂಬರೂ ಪಂಪಿನ ಮೇಲಿನ ನಂಬರೂ ಒಂದೇ ಇದೆಯಾ ನೋಡಿ, ಬಿಲ್ ತಗೊಂಡು, ಅವತ್ತು ರಾತ್ರಿಯೇ ಊರಿಗೆ ಕಳಿಸಿದೆ. ಪೈಪು, ತಾಮ್ರದ ವಾಷರುಗಳು, ಫಿಲ್ಟರ್ ಸೇರಿ ಆದ ಖರ್ಚು ಹೊಸ ಗಾಡಿಯ ಒಂದು ತಿಂಗಳ ಕಂತಿಗಿಂತ ಕಮ್ಮಿ. ಬುಧವಾರ ಪೂರ್ತಿ ಲೋಡಿನಲ್ಲಿ ಮೇಲುಕೋಟೆ ಏರು ಹತ್ತಿಸಿ ನೋಡಿಯೇ ಭಾವ ಆಲೆಮನೆಯವರಿಗೆ ಫೋನ್ ಮಾಡಿದ್ದು. ಆ ಐದಾರು ದಿನದಲ್ಲಿ ಒಂದು ಆಲೆಮನೆ ಕೈತಪ್ಪಿತ್ತು. ಉಳಿದ ಎರಡು ಉಳಿದವು. ಹಾಸ್ಟೆಲ್ ಫೀಸೂ ಕಟ್ಟಿದರು.

ಫೀಡ್ ಪಂಪ್ ಆದರೆ ಹೊಸದೇ ಒಳ್ಳೇದು. ಎಫ್‌ಐಪಿ ಆದರೆ ಲೆಕ್ಕ ಬೇರೆ. ನಿಮ್ಮದೇ ಪಂಪಿನ ಮೈ ಚೆನ್ನಾಗಿದ್ದರೆ ಒಳಗಿನ ಜೋಡಿ, ಸೀಲು ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಅಳತೆ ಕೂರಿಸಿ ಕೊಡೋದು ಸಾಮಾನ್ಯವಾಗಿ ಗುಜರಿ ಪಂಪಿಗಿಂತ ಮೇಲು. ಗುಜರಿಯದನ್ನೇ ತಗೊಳ್ಳಬೇಕಾಗಿ ಬಂದರೆ ಪ್ಲೇಟಿನ ಎರಡೂ ಸಾಲು ತಾಳೆಯಾಗಲೇಬೇಕು, ಬೆಂಚಿಗೆ ಹಾಕದೆ ಗಾಡಿಗೆ ಹಾಕಬೇಡಿ. ‘ಪಿಕಪ್ ಜಾಸ್ತಿ ಮಾಡ್ಕೊಡ್ತೀನಿ’ ಅಂತ ಸೀಲ್ ಮಾಡಿರೋ ಸ್ಕ್ರೂ ತಿರುಗಿಸೋಕೆ ಯಾರನ್ನೂ ಬಿಡಬೇಡಿ. ಡೀಸೆಲ್ ಕುಡಿಯುತ್ತೆ, ಹೊಗೆ ಉಗುಳುತ್ತೆ, ಎಫ್‌ಸಿಗೆ ಹೋದಾಗ ಸಿಕ್ಕಿಹಾಕಿಕೊಳ್ಳುತ್ತೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ ವರ್ಷಾವರ್ಷ ಇದೆಯಲ್ಲ.

ಹಳೇ ಗಾಡಿ ಎಂದೆಂದಿಗೂ ಇಟ್ಟುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಚಾಸಿ ತುಕ್ಕು ಹಿಡಿದಿದ್ದರೆ, ಎಂಜಿನ್ ಸೋತಿದ್ದರೆ ಬಿಡೋದೇ ಸರಿ. ಆದರೆ ಆ ತೀರ್ಮಾನ ಒಂದು ಪಂಪು ಸಿಗದ ಗಾಬರಿಯಲ್ಲಿ ಆಗಬಾರದು.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಹಳೇ ಬಟ್ಟೆಯಲ್ಲಿ ಪಂಪಿನ ಪ್ಲೇಟ್ ಒರೆಸಿ, ಟಾರ್ಚ್ ಹಾಕಿ ಹತ್ತಿರದಿಂದ ಎರಡು ಫೋಟೊ ತೆಗೀರಿ. ಎಂಜಿನ್ ನಂಬರ್, ಚಾಸಿ ನಂಬರ್ ಇರೋ ಆರ್‌ಸಿಯದೂ ಒಂದು. ಮೂರನ್ನೂ ಮನೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಪಿನ್ ಮಾಡಿ. ಗಾಡಿ ನಿಂತ ದಿನ ಭಾವನ ಕೈಯಲ್ಲಿ ಆ ಫೋಟೊ ಇದ್ದರೆ, ಯಾವ ಊರಿನ ಅಂಗಡಿಗೆ ಹೋದರೂ ಕೇಳೋದು ಗೊತ್ತಿರುತ್ತೆ.