ಹಿಡಿ ಜೋಳ ನೋಡಿ ಚೀಲದ ದರ

ಅಕ್ಕಲಕೋಟೆಯಲ್ಲಿ ನಾನು ಫೋಟೊ ಸ್ಟುಡಿಯೊ ಇಟ್ಟು 28 ವರ್ಷಗಳಾದವು. ಅಂಗಡಿಯ ಬೋರ್ಡು ಮರಾಠಿಯಲ್ಲಿ, ಗಿರಾಕಿಗಳ ಮಾತು ಹೆಚ್ಚಾಗಿ ಕನ್ನಡದಲ್ಲಿ. ಈ ಕಡೆ ಸೊಲ್ಲಾಪುರ, ಆ ಕಡೆ ಆಳಂದ, ಅಫಜಲಪುರ ಸೀಮೆಯ ಮದುವೆ, ಕುಬಸಗಳೇ ಹೊಟ್ಟೆಪಾಡು. ಎಲ್ಲರ ಕೈಗೂ ಮೊಬೈಲ್ ಕ್ಯಾಮೆರಾ ಬಂದ ಮೇಲೆ ಆ ಕೆಲಸ ಅರ್ಧಕ್ಕೆ ಇಳಿಯಿತು.

ಬೇರೆ ದಾರಿ ಹುಡುಕಬೇಕಾಯಿತು. ಸೊಲ್ಲಾಪುರದ ಚಾದರ ಕಾರ್ಖಾನೆಯೊಂದಕ್ಕೆ ಕ್ಯಾಟಲಾಗಿನ ಫೋಟೊ ಬೇಕಾಗಿದೆ ಎಂದು ತಿಳಿದು, ಮೂರು ದೊಡ್ಡ ಆಲ್ಬಮ್ ಹೊತ್ತು ಬಸ್ ಹತ್ತಿದೆ. ಮಾಲೀಕರು ನಾಲ್ಕು ಹಾಳೆ ತಿರುವಿ ಮುಚ್ಚಿಟ್ಟರು. "ಮದುವಿ ಛಲೋ ತೆಗೀತೀರಿ. ನನ್ನ ಚಾದರ ಹೆಂಗ ತೆಗೀತೀರಿ ಅನ್ನೋದು ಇದರಾಗ ಎಲ್ಲದ?" ಎಂದು ಮರಾಠಿಯಲ್ಲಿ ಕೇಳಿದರು. ಉತ್ತರವಿರಲಿಲ್ಲ.

ಊರಿಗೆ ಬಂದು ನಮ್ಮ ಓಣಿಯ ಅಡತಿ ಅಂಗಡಿಯ ಕಾಕಾರ ಮುಂದೆ ಗೋಳು ತೋಡಿಕೊಂಡೆ. ಅವರು ನಕ್ಕರು. "ತಮ್ಮಾ, ನೀ ಚೀಲಾನ ಹೊತ್ಕೊಂಡು ಹೋಗೀದಿ. ಹಿಡಿ ಒಯ್ಯಬೇಕಿತ್ತು. ಹಿಡಿಯಾಗ ನಾಕು ಹುಳುಕ ಕಾಳ ಕಂಡ್ರ ಇಡೀ ಚೀಲದ ದರ ಇಳೀತದ."

ವೃತ್ತಿಪರರು ಪೋರ್ಟ್‌ಫೋಲಿಯೊ ಎನ್ನುವುದು ಈ ಹಿಡಿಗೇ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ತನ್ನ ಮೊದಲ ಹಂತದ ಮಾನ್ಯತೆಗೆ ಕೇಳುವುದು 10 ಚಿತ್ರ, ಎರಡನೆಯದಕ್ಕೆ 15. ನಾನು ಒಯ್ದಿದ್ದು ಮುನ್ನೂರು!

ಪರಿಚಿತರಿಂದ ಆರು ಚಾದರ ತಂದು ಮತ್ತೆ ಕೆಲಸಕ್ಕೆ ಕುಳಿತೆ. ಬೆಳಗಿನ ಬೆಳಕು ಓರೆಯಾಗಿ ಬಿದ್ದರೆ ನೂಲಿನ ಎಳೆ ಎದ್ದು ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲಿಗೆ ಅದೇ ಚಾದರ ಸಪ್ಪೆ. ನೆರಳಿನ ಕಡೆ ಬಿಳಿ ಥರ್ಮೋಕೋಲ್ ಹಿಡಿಸಿದೆ. ಫೋಟೊ ನೋಡಿ ಮಾಲು ತರಿಸುವವನಿಗೆ ಬಣ್ಣ ತಪ್ಪಬಾರದಲ್ಲ, ಅದಕ್ಕೆ ಬೂದು ಬಣ್ಣದ ಕಾರ್ಡು ಇಟ್ಟು ಬಣ್ಣ ಹೊಂದಿಸಿದೆ. 140 ತೆಗೆದು 15 ಉಳಿಸಿದೆ. ಎಲ್ಲಕ್ಕಿಂತ ಒಳ್ಳೆಯದು ಮೊದಲಿಗೆ, ಅದರ ನಂತರದ್ದು ಕೊನೆಗೆ. ಎಲ್ಲವೂ 10-12 ಇಂಚಿನ, ಹೊಳಪಿಲ್ಲದ ಕಾಗದದ ಮೇಲೆ.

ಇನ್ನೊಂದು ಚಿತ್ರ ಬೇಕೇಬೇಕು ಅನಿಸಿತು. ಆಳಂದ ತಾಲ್ಲೂಕಿನ ಹಳ್ಳಿಯೊಂದರ ಮದುವೆಯಲ್ಲಿ, ನಸುಕಿನಲ್ಲಿ ಅಜ್ಜಿಯೊಬ್ಬಳು ಮಲಗಿದ ಮೊಮ್ಮಗುವಿಗೆ ಸೊಲ್ಲಾಪುರ ಚಾದರ ಹೊದಿಸುತ್ತಿದ್ದ ಚಿತ್ರವದು. ತೆಗೆದವನು ನಾನೇ, ಆದರೆ ಚಿತ್ರ ನನ್ನದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಫೋಟೊದ ಮೊದಲ ಹಕ್ಕುದಾರರು. ನಮ್ಮ ಕಸುಬಿನ ಎಷ್ಟೋ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾನೂ ಹಿಡಿದಿರಲಿಲ್ಲ. ಗಿರಾಕಿಗಳ ಮದುವೆ ಫೋಟೊ ವರ್ಷಗಟ್ಟಲೆ ಅಂಗಡಿಯ ಗಾಜಿನಲ್ಲಿ ತೂಗು ಹಾಕಿದ್ದೆ.

ಆ ಹಳ್ಳಿಗೆ ಹೋದೆ. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಕಾರ್ಖಾನೆಯವರಿಗೆ ತೋರಿಸುವುದಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಫೋಟೊ ಕೈಗಿಟ್ಟೆ. ಮಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನಮ್ಮವ್ವ ನಿಂತ ಫೋಟೊ ಅವ, ಕುಂತ ಫೋಟೊ ಅವ. ಆಕಿ ಹಿಂಗ ಇದ್ದದ್ದು ಇದೊಂದರಾಗ ಅದ ನೋಡ್ರಿ. ತೋರಸ್ರಿ, ಆದ್ರ ನಮಗೊಂದು ದೊಡ್ಡದು ಮಾಡಿಕೊಡ್ರಿ," ಎಂದರು. ಕನ್ನಡದಲ್ಲಿ ಎರಡು ಸಾಲಿನ ಒಪ್ಪಿಗೆ ಬರೆದು ಸಹಿ ಹಾಕಿದರು.

16 ಚಿತ್ರಗಳೊಂದಿಗೆ ಮತ್ತೆ ಸೊಲ್ಲಾಪುರಕ್ಕೆ ಹೋದೆ. ಮಾಲೀಕರು ಈ ಸಲ ಕೊನೆಯವರೆಗೂ ನೋಡಿ, ಅಜ್ಜಿಯ ಚಿತ್ರದ ಮೇಲೆ ಬೆರಳಿಟ್ಟು, "ಇವರ ಒಪ್ಪಿಗಿ ಅದ ಏನು?" ಎಂದರು. ಚೀಟಿ ತೋರಿಸಿದೆ. ಮೊದಲಿಗೆ 12 ಚಾದರಗಳ ಕೆಲಸ ಕೊಟ್ಟಿದ್ದಾರೆ.

ಅಂಗಡಿಯ ಗಾಜು ಈಗ ಅರ್ಧ ಖಾಲಿ. ಉಳಿದ ಒಂದೊಂದು ಫೋಟೊದ ಹಿಂದೆಯೂ ಒಂದೊಂದು ಸಹಿ ಇದೆ.