ಬಾಗಿಲು ಮುಚ್ಚದೆ ನಡೆಯುವ ತರಬೇತಿ

ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಶಾಲೆಗೆ ಹಾಕಿಕೊಟ್ಟ ಲೆಕ್ಕ ಇದು. ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ತರಗತಿಗಳು ಐದು. ಕಾಯ್ದೆಯನ್ನು ಚಾಚೂ ತಪ್ಪದೆ ಪಾಲಿಸಿದರೂ, ಒಂದು ಹುದ್ದೆಯೂ ಖಾಲಿ ಇಲ್ಲದಿದ್ದರೂ, ಒಬ್ಬ ಶಿಕ್ಷಕರ ಮುಂದೆ ಎರಡು-ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಬಹುವರ್ಗ ಬೋಧನೆ ಶಿಕ್ಷಕರ ಕೊರತೆಯಿಂದ ಹುಟ್ಟಿದ ತಾತ್ಕಾಲಿಕ ತಾಪತ್ರಯ ಎಂದು ಬಹಳ ಜನ ತಿಳಿದಿದ್ದಾರೆ. ಸಣ್ಣ ಶಾಲೆಯ ಪಾಲಿಗೆ ಅದು ನಿತ್ಯದ ಸ್ಥಿತಿ.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಮತ್ತು ಆ ಎರಡೂ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಈಚೆಗೆ ರಚನೆಯಾದ ಕಡಬದ ಒಳಭಾಗಗಳಲ್ಲಿ ಶಾಲೆ ಸಣ್ಣದಾಗಿರಲು ನೆಲದ ಗುಣವೇ ಕಾರಣ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತೊತ್ತಾಗಿ ಊರು ಕಟ್ಟಿಕೊಂಡಿಲ್ಲ. ಗುಡ್ಡದ ಬುಡದಲ್ಲಿ ಒಂದು ತೋಟ, ತೋಟದ ತಲೆಯಲ್ಲಿ ಒಂದು ಮನೆ, ಮುಂದಿನ ಮನೆಗೆ ಇನ್ನೊಂದು ತೋಡು ದಾಟಬೇಕು. ಕೊಲ್ಲಮೊಗ್ರು, ಕಲ್ಮಕಾರು, ಕೊಂಬಾರು, ಶಿರಾಡಿಯಂಥ ಘಟ್ಟದ ಅಂಚಿನ ಊರುಗಳಲ್ಲಿ ಆರು ವರ್ಷದ ಮಗು ನಡೆದು ಮುಟ್ಟುವಷ್ಟು ದೂರದಲ್ಲಿ ಶಾಲೆ ಬೇಕೆಂದರೆ ಆ ಶಾಲೆಗೆ ಬರುವ ಮಕ್ಕಳು ಕಡಿಮೆಯೇ. ಮಳೆಗಾಲದಲ್ಲಿ ಕಾಲುಸಂಕ ಮುಳುಗಿದ ದಿನ ಇನ್ನೂ ಕಡಿಮೆ. 2022ರ ಆಗಸ್ಟ್ ಆರಂಭದಲ್ಲಿ ಕಲ್ಮಕಾರು, ಹರಿಹರ ಪಲ್ಲತ್ತಡ್ಕದ ಕಡೆ ಸಂಕಗಳೇ ಕೊಚ್ಚಿಹೋಗಿದ್ದವು. ಸಾಲದ್ದಕ್ಕೆ, ಇರುವ ಮಕ್ಕಳನ್ನೂ ಕರೆದೊಯ್ಯಲು ಆಂಗ್ಲಮಾಧ್ಯಮ ಶಾಲೆಯ ಹಳದಿ ಬಸ್ಸು ಮುಖ್ಯರಸ್ತೆಯವರೆಗೆ ಬಂದು ನಿಲ್ಲುತ್ತದೆ.

ಇಂಥ ಶಾಲೆಯ ಒಂದರಿಂದ ಮೂರನೇ ತರಗತಿಯ ಕೋಣೆಗೆ ಹೋದರೆ ‘ನಲಿ-ಕಲಿ’ ಕಾಣುತ್ತದೆ. ಸಣ್ಣ ಮೇಜಿನ ಸುತ್ತ ಮಕ್ಕಳು ನೆಲಕ್ಕೆ ಕೂತಿರುತ್ತಾರೆ. ತಲೆಯ ಮೇಲೆ ದಾರ ಕಟ್ಟಿ ಅವರೇ ಬಿಡಿಸಿದ ಚಿತ್ರ, ಮಡಚಿದ ಕಾಗದದ ಹಕ್ಕಿ ತೂಗುಹಾಕಿದ ಚಪ್ಪರ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟಕುವಷ್ಟು ಎತ್ತರಕ್ಕೆ, ಕಪ್ಪುಹಲಗೆಯ ಪಟ್ಟಿ. ಇನ್ನೊಂದು ಗೋಡೆಯಲ್ಲಿ ಕಲಿಕಾ ಏಣಿ. ಮಗು ಏಣಿಯ ಹತ್ತಿರ ಹೋಗಿ ತಾನು ನಿನ್ನೆ ಯಾವ ಮೆಟ್ಟಿಲಲ್ಲಿ ನಿಂತಿದ್ದೆ ಎಂದು ನೋಡುತ್ತದೆ. ಮುಂದಿನ ಮೆಟ್ಟಿಲಿನ ಗುರುತಿರುವ ಕಾರ್ಡನ್ನು ತಾನೇ ಹುಡುಕಿ ತೆಗೆಯುತ್ತದೆ. ಆ ಚಟುವಟಿಕೆಗೆ ಗೊತ್ತಾದ ಗುಂಪಿಗೆ, ಅಂದರೆ ‘ತಟ್ಟೆ’ಗೆ, ಹೋಗಿ ಕೂರುತ್ತದೆ. ತಟ್ಟೆಗಳು ಐದು. ಮೊದಲನೆಯದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಮುಂದಿನದರಲ್ಲಿ ಅರ್ಧ. ಆಮೇಲೆ ಗೆಳೆಯರ ನೆರವು. ಐದನೆಯದರಲ್ಲಿ ಮಗು ತನ್ನಷ್ಟಕ್ಕೆ ತಾನು. ಮೂರನೇ ತರಗತಿಯ ಹುಡುಗಿ ಒಂದನೇ ತರಗತಿಯವನಿಗೆ ‘ರ’ ತಿದ್ದಿಸುತ್ತಿದ್ದರೆ ಅಲ್ಲಿ ಶಿಸ್ತು ತಪ್ಪಿದೆ ಎಂದುಕೊಳ್ಳಬಾರದು. ಪಾಠ ನಡೆಯುವ ರೀತಿಯೇ ಅದು.

ಈ ಪದ್ಧತಿ ಮೇಲಿನಿಂದ ಇಳಿದು ಬಂದದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಕಾರ್ಡು ಹಿಡಿದು ಕಲಿಯುತ್ತಿದ್ದ ಮಕ್ಕಳನ್ನು ನೋಡಿಬಂದರು. ಯುನಿಸೆಫ್ ನೆರವಿನಲ್ಲಿ ತಮ್ಮ ಕಾರ್ಡುಗಳನ್ನು ತಾವೇ ಬರೆದುಕೊಂಡರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಲ್ಯಾಟಿನ್ ಅಮೆರಿಕದ ಕೊಲಂಬಿಯಾದಲ್ಲೂ ‘ಎಸ್ಕ್ವೆಲಾ ನುಯೆವಾ’, ಅಂದರೆ ಹೊಸ ಶಾಲೆ, ಎಂಬ ಹೆಸರಿನಲ್ಲಿ ಎಪ್ಪತ್ತರ ದಶಕದಿಂದಲೇ ಗುಡ್ಡಗಾಡಿನ ಸಣ್ಣ ಶಾಲೆಗಳು ಹೀಗೆ ನಡೆದಿವೆ.

ನಲಿ-ಕಲಿಯ ಕೋಣೆಯಲ್ಲಿ ಒಬ್ಬರಿದ್ದಾರೆ ಎಂದರೆ, ಪಕ್ಕದ ಕೋಣೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯನ್ನು ಹಿಡಿದುಕೊಂಡು ಇನ್ನೊಬ್ಬರಿದ್ದಾರೆ. ಅವರಿಗೆ ಏಣಿಯಿಲ್ಲ, ಕಾರ್ಡಿಲ್ಲ, ಎರಡು ತರಗತಿಗೆ ಬೇರೆ ಬೇರೆ ಪಠ್ಯಪುಸ್ತಕ. ಬಹುತೇಕ ಅವರೇ ಮುಖ್ಯಶಿಕ್ಷಕರೂ ಹೌದು. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಮಕ್ಕಳ ವಿವರ ಕಂಪ್ಯೂಟರಿಗೆ ಏರಿಸುವುದು ಎಲ್ಲ ಅವರದೇ. ಈಗ ಇಬ್ಬರಲ್ಲಿ ಒಬ್ಬರಿಗೆ ಐದು ದಿನದ ತರಬೇತಿಗೆ ಬರಬೇಕೆಂದು ಆದೇಶ ಬರುತ್ತದೆ ಎನ್ನಿ. ಘಟ್ಟದ ಬುಡದಿಂದ ತಾಲ್ಲೂಕು ಕೇಂದ್ರದ ಬಿಆರ್‌ಸಿಗೆ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಉಳಿದ ಒಬ್ಬರು ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಏಕೋಪಾಧ್ಯಾಯ ಶಾಲೆಯಾದರೆ ಬೇರೆ ಶಾಲೆಯಿಂದ ಒಬ್ಬರನ್ನು ಕಳಿಸಬೇಕು, ಇಲ್ಲವೇ ಬಾಗಿಲು ಹಾಕಬೇಕು. ಶಿಕ್ಷಕರು ಕಲಿಯಲೆಂದು ಮಕ್ಕಳ ಕಲಿಕೆ ನಿಲ್ಲುತ್ತದೆ. ಪಟ್ಟಣದ ದೊಡ್ಡ ಶಾಲೆಗೆ ದೂರತರಬೇತಿ ಒಂದು ಅನುಕೂಲ ಅಷ್ಟೆ. ಈ ಶಾಲೆಗಳಿಗೆ ಅದಲ್ಲದೆ ಬೇರೆ ದಾರಿಯಿಲ್ಲ ಎಂದೇ ನಾನು ನಂಬಿದ್ದೇನೆ.

ಆ ದಾರಿಯನ್ನು ಕರ್ನಾಟಕ ಐವತ್ತು ವರ್ಷಗಳಿಂದ ಹುಡುಕುತ್ತ ಬಂದಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಬಂತು. ಆ ಹಳ್ಳಿಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯವೂ ಇದ್ದವು. ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಪಾಠದ ತರಬೇತಿಯೂ ಅದೇ ಪರದೆಯ ಮೇಲೆ ನಡೆಯಿತು. 1996ರ ಜನವರಿಯಲ್ಲಿ ಇಗ್ನೊ ಮತ್ತು ಇಸ್ರೊ ಸೇರಿ ರಾಜ್ಯದ 20 ಕೇಂದ್ರಗಳಲ್ಲಿ 800ಕ್ಕೂ ಹೆಚ್ಚು ಪ್ರಾಥಮಿಕ ಶಿಕ್ಷಕರಿಗೆ ಒಂದು ವಾರ ಪಾಠ ಹೇಳಿದವು. ತಜ್ಞರು ಸ್ಟುಡಿಯೊದಲ್ಲಿ, ಶಿಕ್ಷಕರು ಟಿವಿಯ ಮುಂದೆ, ಸಂಶಯ ಬಂದರೆ ಎದ್ದುಹೋಗಿ ಫೋನಿನಲ್ಲಿ ಕೇಳುವುದು. ಅದುವರೆಗೆ ತರಬೇತಿ ಎಂದರೆ ರಾಜ್ಯದಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಾಲೆಯವರಿಗೆ ಹೇಳುವ ಸರಪಳಿ. ಮೊದಲಿಗೆ ಹೇಳಿದ್ದು ಕೊನೆಯ ಕಿವಿಗೆ ಬರುವಷ್ಟರಲ್ಲಿ ನೀರಾಗಿರುತ್ತಿತ್ತು. ಆ ಸೋರಿಕೆಯನ್ನು ಮುಚ್ಚುವುದೇ ಈ ಪ್ರಯೋಗದ ಆಸೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿತು. ಕರ್ನಾಟಕ ಅದನ್ನು ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಇಳಿಸಿಕೊಂಡಿತು. ಕೇರಳ 2005ರಲ್ಲಿ ಅದರಿಂದಲೇ ‘ವಿಕ್ಟರ್ಸ್’ ಎಂಬ ವಾಹಿನಿ ಕಟ್ಟಿತು. 2010ರಲ್ಲಿ ಉಪಗ್ರಹದ ಆಯುಷ್ಯ ಮುಗಿಯಿತು. ವಿಕ್ಟರ್ಸ್ ಮಾತ್ರ ನಿಲ್ಲಲಿಲ್ಲ. ಕೋವಿಡ್ ಕಾಲದಲ್ಲಿ ಪಾಣಾಜೆಯಿಂದ ಗಡಿ ದಾಟಿದರೆ ಸಿಗುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ವಿಕ್ಟರ್ಸ್‌ನ ‘ಫಸ್ಟ್ ಬೆಲ್’ ಕಾರ್ಯಕ್ರಮ ಕನ್ನಡದಲ್ಲಿ ಪಾಠ ಮಾಡಿತು. ಯಂತ್ರ ಹಳತಾದ ಮೇಲೂ ಅದರ ಸುತ್ತ ಬೆಳೆದ ಜನ, ಸ್ಟುಡಿಯೊ, ಅಭ್ಯಾಸ ಉಳಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಈಗ ತರಬೇತಿ ಬರುವುದು ಮೊಬೈಲಿಗೆ. 2017ರ ಶಿಕ್ಷಕರ ದಿನದಂದು ಆರಂಭವಾದ ‘ದೀಕ್ಷಾ’ ತಾಣದಲ್ಲಿ ‘ನಿಷ್ಠಾ’ ತರಬೇತಿ 2020ರ ಅಕ್ಟೋಬರಿನಿಂದ ಆನ್‌ಲೈನ್ ಆಯಿತು: ಪ್ರಾಥಮಿಕ ಹಂತಕ್ಕೆ 18 ಮಾಡ್ಯೂಲ್, ಮರುವರ್ಷ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನಕ್ಕೆ ಇನ್ನೂ 12. ವಿಡಿಯೊ ನೋಡಿ, ಓದಿ, ಕೊನೆಯ ಪ್ರಶ್ನೆಗಳಲ್ಲಿ ಶೇ 70 ಅಂಕ ತೆಗೆದರೆ ಪ್ರಮಾಣಪತ್ರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ಹೀಗೆ ಕಲಿಯಬೇಕೆಂದು ಹೇಳುತ್ತದೆ. ಶಾಲೆ ಬಿಡದೆ ಕಲಿಯಬಹುದು ಎಂಬ ಮಟ್ಟಿಗೆ ಇದು ದೊಡ್ಡ ಹೆಜ್ಜೆಯೇ.

ಆದರೆ ಆ ಹದಿನೆಂಟು ಶೀರ್ಷಿಕೆಗಳನ್ನು ಒಂದೊಂದಾಗಿ ಓದುತ್ತ ಹೋಗಿ. ಗಣಿತ, ಭಾಷೆ, ಪರಿಸರ ಅಧ್ಯಯನ, ಕಲೆ, ಆರೋಗ್ಯ, ಲಿಂಗ ಸಮಾನತೆ, ಶಾಲಾ ನಾಯಕತ್ವ ಎಲ್ಲ ಇವೆ. ಬಹುವರ್ಗ ಬೋಧನೆಗೆಂದೇ ಒಂದೂ ಇಲ್ಲ. ಅದೇ ಶಿಕ್ಷಣ ನೀತಿ 2016-17ರ ಅಂಕಿಅಂಶ ಕೊಟ್ಟು, ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೇ 28ರಷ್ಟರಲ್ಲಿ ಮೂವತ್ತು ಮಕ್ಕಳೂ ಇಲ್ಲ, ಏಕೋಪಾಧ್ಯಾಯ ಶಾಲೆಗಳೇ 1,08,017 ಇವೆ ಎಂದು ಬರೆದಿದೆ. ಇಷ್ಟು ಶಾಲೆಗಳ ನಿತ್ಯದ ಕೆಲಸ ತರಬೇತಿಯ ಪಟ್ಟಿಯಲ್ಲಿ ಒಂದು ಹೆಸರಾಗಿಯೂ ಬಾರದಿರುವುದು ನನಗೆ ತುಂಬ ನೋವಿನ ಸಂಗತಿ. ವಿಡಿಯೊದಲ್ಲಿ ಕಾಣುವ ತರಗತಿ ಬಹುತೇಕ ಒಂದೇ ವಯಸ್ಸಿನ ಮಕ್ಕಳದು. ನೋಡುತ್ತಿರುವ ಶಿಕ್ಷಕಿಯ ಎದುರಿಗೆ ಹಾಗೆ ಯಾರೂ ಕೂತಿಲ್ಲ.

ಇನ್ನು ನೆಟ್‌ವರ್ಕ್. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪ, ಸುರಿವ ಮಳೆಯಲ್ಲಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವನ್ನೆಲ್ಲ ಸುತ್ತಿತು. ಶಿಕ್ಷಕರ ಪಾಡೂ ಅದಕ್ಕಿಂತ ಬೇರೆಯಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಕರೆಂಟು ಹೋದರೆ ಟವರ್ ಕೂಡ ಮಲಗುತ್ತದೆ. ಹಾಗಾಗಿ ಇಲ್ಲಿಗೆ ಹೊಂದುವ ದೂರತರಬೇತಿ ನೇರಪ್ರಸಾರದ ಮೇಲೆ ನಿಲ್ಲಬಾರದು. ಪೇಟೆಗೆ ಹೋದಾಗ ಇಳಿಸಿಕೊಂಡು ಮನೆಯಲ್ಲಿ ನೋಡುವಂಥ ಸಣ್ಣ ವಿಡಿಯೊ, ಅದಕ್ಕಿಂತ ಹಗುರಾದ ಧ್ವನಿಪಾಠ, ಒಂದೆರಡು ಮುದ್ರಿತ ಹಾಳೆ ಇದ್ದರೆ ಸಾಕು. ಆಮೇಲೆ ತಿಂಗಳಿಗೊಮ್ಮೆ ಕ್ಲಸ್ಟರಿನ ಸಮಾಲೋಚನಾ ಸಭೆ. ಸುತ್ತಲಿನ ಶಾಲೆಗಳವರು ಅಲ್ಲಿ ಹೇಗೂ ಸೇರುತ್ತಾರೆ, ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇರುತ್ತಾರೆ. ನೋಡಿದ್ದನ್ನು ಮಾಡಿನೋಡಿ, ಎಲ್ಲಿ ಕೈಕೊಟ್ಟಿತು ಎಂದು ಅಲ್ಲಿ ಮಾತಾಡಿದರೆ ತರಬೇತಿ ಪೂರ್ತಿಯಾಗುತ್ತದೆ. ಈ ಸಭೆ ಸುತ್ತೋಲೆ ಓದುವುದರಲ್ಲೇ ಕಳೆದುಹೋಗಬಾರದು.

ಏನನ್ನು ಕಲಿಸಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಒಂದು ಬುಟ್ಟಿ ಒಣಗಿದ ಅಡಿಕೆ ತನ್ನಿ. ಈ ಮೂರು ತಾಲ್ಲೂಕಿನಲ್ಲಿ ಅಂಗಳದಲ್ಲಿ ಅಡಿಕೆ ಕಾಣದ ಮಗುವಿಲ್ಲ. ಒಂದನೇ ತರಗತಿಯವರು ಹತ್ತು ಹತ್ತರ ಗುಪ್ಪೆ ಮಾಡಿ ಎಣಿಸಲಿ. ಮೂರನೆಯವರು ಆ ಗುಪ್ಪೆಗಳನ್ನು ನಾಲ್ಕು ಜನರಿಗೆ ಹಂಚಿ, ಉಳಿದದ್ದು ಎಷ್ಟು ಎಂದು ಬರೆಯಲಿ. ಐದನೆಯವರು ತಕ್ಕಡಿಯಲ್ಲಿ ಅರ್ಧ ಕಿಲೊ ತೂಗಿ, ಎಷ್ಟು ಅಡಿಕೆ ಬಂತು ಎಂದು ನೋಡಿ, ಒಂದು ಕಿಲೊಗೆ, ಒಂದು ಕ್ವಿಂಟಲ್‌ಗೆ ಲೆಕ್ಕ ಹಾಕಿ, ತೂಗಿದ ಅರ್ಧ ಕಿಲೊಗೆ ಆ ವಾರದ ಧಾರಣೆಯಲ್ಲಿ ಎಷ್ಟು ಹಣ ಎಂದು ಕಂಡುಹಿಡಿಯಲಿ. ವಸ್ತು ಒಂದು, ಮಾತು ಶುರುವಾಗುವುದು ಒಟ್ಟಿಗೆ, ಕೆಲಸ ಬೇರೆ ಬೇರೆ. ಯಾವ ಗುಂಪಿನ ಜೊತೆ ಮೊದಲು ಕೂರಬೇಕು, ಯಾರನ್ನು ಅವರಷ್ಟಕ್ಕೆ ಬಿಡಬೇಕು, ತೂಗಿ ಮುಗಿಸಿದವರಿಗೆ ಮುಂದೇನು ಕೊಡಬೇಕು: ಬಹುವರ್ಗದ ಜಾಣ್ಮೆಯೆಲ್ಲ ಈ ಚಿಕ್ಕ ಚಿಕ್ಕ ತೀರ್ಮಾನಗಳಲ್ಲಿದೆ. ಹತ್ತಾರು ವರ್ಷ ಇಂಥ ಶಾಲೆಯಲ್ಲಿ ಕಳೆದ ಮಾಸ್ಟ್ರುಗಳಿಗೆ, ಟೀಚರುಗಳಿಗೆ ಇದು ಕೈಗೆ ಬಂದಿರುತ್ತದೆ. ಅವರ ಕೋಣೆಯಲ್ಲೇ ಮೊಬೈಲ್ ಇಟ್ಟು ಚಿತ್ರಿಸಿದ ಹತ್ತು ನಿಮಿಷ, ಸ್ಟುಡಿಯೊದ ಒಂದು ಗಂಟೆಗಿಂತ ಹೆಚ್ಚು ಕಲಿಸೀತು. ಪುತ್ತೂರಿನಲ್ಲಿ ಕೂತು ಮಕ್ಕಳಿಗಾಗಿ ‘ಬಾಲಪ್ರಪಂಚ’ ರಚಿಸಿದ ಶಿವರಾಮ ಕಾರಂತರ ನೆಲ ಇದು. ಪಾಠದ ಸಾಮಗ್ರಿಯನ್ನು ಇಲ್ಲಿಯೇ ಮಾಡಿಕೊಳ್ಳುವುದು ಇಲ್ಲಿಗೆ ಹೊಸತಲ್ಲ.

ಇನ್ನೊಂದು ವಿಷಯವನ್ನು ತರಬೇತಿ ರೂಪಿಸುವವರು ಗಮನಿಸಲೇಬೇಕು. ಇಲ್ಲಿನ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಶಿಕ್ಷಕರು ಬಹಳ ಮಂದಿ ಇದ್ದಾರೆ. ಊರು ಬಿಟ್ಟು ಬಂದು, ಈ ಮಳೆಗೆ ಒಗ್ಗಿಕೊಂಡು, ಮಕ್ಕಳನ್ನು ತಮ್ಮವರೆಂದೇ ನೋಡಿಕೊಳ್ಳುತ್ತಿದ್ದಾರೆ. ಆದರೆ ಅವರ ಎದುರಿಗೆ ಬಂದು ಕೂರುವ ಒಂದನೇ ತರಗತಿಯ ಮಗು ಮನೆಯಲ್ಲಿ ತುಳು ಆಡುತ್ತದೆ. ಸುಳ್ಯದ ಕಡೆ ಅರೆಭಾಷೆ. ಇನ್ನೊಂದು ಮಗು ಬ್ಯಾರಿ, ಮತ್ತೊಂದು ಮಲಯಾಳ. ‘ನೀರು ಬೇಕು’ ಎನ್ನಲು ತುಳು ಮಗುವಿಗೆ ಬರುವ ಮಾತು ‘ನೀರ್ ಬೋಡು’. ಮೂರು ತರಗತಿ, ಅದರೊಳಗೆ ಮೂರು-ನಾಲ್ಕು ಭಾಷೆ. ಬೆಂಗಳೂರಿನಲ್ಲಿ ತಯಾರಾದ ಯಾವ ಮಾಡ್ಯೂಲೂ ಇದಕ್ಕೆ ಉತ್ತರ ಕೊಡಲಾರದು. ಮಂಗಳೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಕೊಡಬಲ್ಲದು. ಹೊಸದಾಗಿ ಬಂದ ಶಿಕ್ಷಕರಿಗೆ ತುಳುವಿನ, ಅರೆಭಾಷೆಯ ತರಗತಿ ಮಾತುಗಳನ್ನು ಕಲಿಸುವ ಐದೈದು ನಿಮಿಷದ ಧ್ವನಿಪಾಠಗಳು ಎಷ್ಟು ಹಳೆಯ ಫೋನಿನಲ್ಲೂ ಓಡುತ್ತವೆ, ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಮಂಗಳೂರಿನಲ್ಲಿ ತುಳು ಸಾಹಿತ್ಯ ಅಕಾಡೆಮಿ ಇದೆ, ಮಡಿಕೇರಿಯಲ್ಲಿ ಅರೆಭಾಷೆ ಅಕಾಡೆಮಿ ಇದೆ. ಮುಂದಿನ ಸಲ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಈ ಮೂರೂ ಸಂಸ್ಥೆಗಳು ಒಂದು ದಿನ ಕೂತು ಮಾತಾಡಿದರೆ ಕೆಲಸ ಶುರುವಾಗುತ್ತದೆ.