ವೈಂಡಿಂಗ್ ಪಾಸ್ಟರ್

ಭಾನುವಾರ ಬೆಳಗಿನ ಏಳು ಗಂಟೆ. ಕಡೂರಿನ ಬಾಡಿಗೆ ಮನೆಯೊಂದರ ನಡುಮನೆಯಲ್ಲಿ ಜಮಖಾನ ಹಾಸಿಯಾಗಿದೆ. ಹೊಸ್ತಿಲಾಚೆ ಚಪ್ಪಲಿಗಳ ರಾಶಿ. ಒಳಗೆ ಗಂಡಸರು ಒಂದು ಕಡೆ, ತಲೆಗೆ ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ. ಮಗಳು ಕೀಬೋರ್ಡಿಗೆ, ಮಗ ತಬಲಕ್ಕೆ. ‘ಸ್ತೋತ್ರ ಅಯ್ಯಾ’ ಎನ್ನುತ್ತ ಒಬ್ಬೊಬ್ಬರೇ ಬಂದು ಕೂರುವಷ್ಟರಲ್ಲಿ ಪಾಸ್ಟರ್ ಎದ್ದು ನಿಲ್ಲುತ್ತಾರೆ. ಇಸ್ತ್ರಿಯಾದ ಬಿಳಿ ಅಂಗಿ, ಕೈಯಲ್ಲಿ ಬೈಬಲ್. ಬೆರಳ ತುದಿಯಲ್ಲಿ ಮಾತ್ರ ಯಾವ ಸೋಪಿಗೂ ಬಗ್ಗದ ವಾರ್ನಿಷ್ ಕಲೆ.

ಆ ಕಲೆ ವಾರದ ಉಳಿದ ಆರು ದಿನಗಳದ್ದು. ಆಗ ಅವರದು ಪಂಪ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಕೆಲಸ. ಸುಟ್ಟ ಸುರುಳಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸಿ ಕೂರಿಸಬೇಕು. ಎಣಿಕೆ ತಪ್ಪಿದರೆ ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ಬರದ ಸೀಮೆಯಲ್ಲಿ ಈ ಕಸುಬಿಗೆ ಬಿಡುವಿಲ್ಲ. ಈ ಬರಹ ಯಾರೊಬ್ಬರ ಭಾವಚಿತ್ರವೂ ಅಲ್ಲ. ದುಡಿಮೆಯ ಕೈಯಲ್ಲೇ ಬೈಬಲ್ ಹಿಡಿಯುವ, ಗಾರೆ, ಹೊಲಿಗೆ, ಡ್ರೈವಿಂಗ್ ಮಾಡಿ ಸಂಸಾರ ನಡೆಸುವ ಹಲವರನ್ನು ಒಂದೇ ಚೌಕಟ್ಟಿಗೆ ತಂದ ಚಿತ್ರ.

1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಂಥ ದೊಡ್ಡ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕರಿಗೆ ಸಂಬಳ, ವಸತಿ, ವರ್ಗಾವಣೆ ಎಲ್ಲ ಇವೆ. ಸಣ್ಣ ಸ್ವತಂತ್ರ ಸಭೆಗಳಿಗೆ ಆ ಆಸರೆಯಿಲ್ಲ. ಕಾಣಿಕೆ ಚೀಲಕ್ಕೆ ಬಿದ್ದದ್ದರಲ್ಲಿ ಮೊದಲು ಬಾಡಿಗೆ, ಆಮೇಲೆ ಪೆಟ್ರೋಲು. ಮನೆಯ ರಾಗಿ ತಾಮ್ರದ ತಂತಿಯಿಂದಲೇ ಬರಬೇಕು. ಹಾಗೆಂದು ಇವರಿಗೆ ಕೀಳರಿಮೆಯಿಲ್ಲ. ಕೊರಿಂಥದಲ್ಲಿ ಅಪೊಸ್ತಲ ಪೌಲನೂ ಗುಡಾರ ಹೊಲಿದೇ ಉಂಡವನು.

ಎರಡನೆಯ ಕೂಟ ತರೀಕೆರೆಯಲ್ಲಿ. ಬೀರೂರು ದಾಟಿ ಬಿ.ಎಚ್. ರಸ್ತೆಯಲ್ಲಿ ಬೈಕು ಸಾಗಿದಂತೆ ಒಣಗಿದ ತೆಂಗು ಹಿಂದೆ ಸರಿದು ಅಡಿಕೆಯ ಹಸಿರು ಎದುರಾಗುತ್ತದೆ. ಕೊಯ್ಲಿನ ಕಾಲವಾದರೆ ಸುಲಿಯುವ ಹೆಂಗಸರು ಕೂಟಕ್ಕೆ ತಡವಾಗಿಯೇ ಬರುತ್ತಾರೆ. ಪಾಸ್ಟರ್ ಗೊಣಗುವುದಿಲ್ಲ, ಹಾಡು ಎರಡು ಹೆಚ್ಚಿಸುತ್ತಾರೆ. ಪ್ರಸಂಗದ ನಡುವೆ ಸರ್ವಜ್ಞನ ತ್ರಿಪದಿಯೊಂದು ನುಸುಳುತ್ತದೆ. ಇದರಲ್ಲಿ ಹೊಸತೇನಿಲ್ಲ. ಓಣಿ ಓಣಿಯ ಬಾಯಲ್ಲಿದ್ದ ಸರ್ವಜ್ಞನನ್ನು ಹುಡುಕಿ, ಕೂಡಿಸಿ, 1924ರಲ್ಲಿ ಪುಸ್ತಕವಾಗಿ ಕೊಟ್ಟ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಯೇ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿಸಿದರು.

ಮಧ್ಯಾಹ್ನದ ಊಟ ವಿಶ್ವಾಸಿಯೊಬ್ಬರ ಮನೆಯಲ್ಲಿ. ಉಂಡು ಕೈ ತೊಳೆಯುವ ಮೊದಲೇ ಆಸ್ಪತ್ರೆಯಲ್ಲಿರುವವರ ಹೆಸರು, ಹೊಂದದ ಸಂಬಂಧ, ಕುಡಿತ ಬಿಡದ ಮಗ ಎಲ್ಲವೂ ಮುಂದೆ ಬರುತ್ತವೆ. ಅತ್ತ ಪಾಸ್ಟರಮ್ಮ ಕಡೂರಿನಲ್ಲಿ ಭಾನುವಾರ ಶಾಲೆ ಮುಗಿಸಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಗಂಡನಿಗೆ ಹೇಳಲಾಗದ ಸಂಗತಿಗಳನ್ನು ಸಭೆಯ ಹೆಂಗಸರು ಹೇಳುವುದು ಅವರ ಹತ್ತಿರ. ಮಕ್ಕಳ ಫೀಸು, ಚೀಟಿಯ ಕಂತು, ಬಂದುಹೋಗುವವರ ಕಾಫಿ ಪುಡಿ, ಎಲ್ಲದರ ಲೆಕ್ಕವೂ ಅವರದೇ. ಮಗಳ ಪರೀಕ್ಷೆಯ ಹಿಂದಿನ ದಿನವೂ ಅಪ್ಪ ಯಾರದೋ ಸಾವಿನ ಮನೆಯಲ್ಲಿದ್ದರೆ, ಮನೆಯಲ್ಲಿ ಸಣ್ಣ ಜಗಳವೂ ಆಗುತ್ತದೆ.

ಸಂಜೆಗೆ ಅಜ್ಜಂಪುರ. ಇಲ್ಲಿ ಮಣ್ಣು ಕಪ್ಪು. ಅಮೃತಮಹಲ್ ರಾಸುಗಳ ಊರೆಂದು ನಾಡಿಗೆ ಗೊತ್ತು. ಆದರೆ ಬದುಕು ನಿಂತಿರುವುದು ಈರುಳ್ಳಿಯ ಮೇಲೆ. ಸುಗ್ಗಿ ಹಬ್ಬದ ದಿನ ಪ್ರಾರ್ಥನೆಯ ಕೋಣೆ ಸಂತೆಯಾಗುತ್ತದೆ: ಕುಂಬಳ, ರಾಗಿ, ತೆಂಗಿನಕಾಯಿ, ಈರುಳ್ಳಿ ಚೀಲ, ಕಾಲು ಕಟ್ಟಿದ ಒಂದು ಹುಂಜ. ಆರಾಧನೆ ಮುಗಿದೊಡನೆ ಹರಾಜು. ಹತ್ತು ರೂಪಾಯಿಯ ಕಾಯಿಗೆ ನೂರು ಕೂಗುವವನೂ ಉಂಟು, ಗೆದ್ದ ಕಾಯನ್ನು ಮತ್ತೆ ಹರಾಜಿಗಿಡುವವನೂ ಉಂಟು.

ಧಾರಣೆ ನೆಲ ಕಚ್ಚಿದ ವರ್ಷ ಮಾತ್ರ ಕೂಗು ಮೇಲೇಳುವುದಿಲ್ಲ. ಆಗ, ನಾಳೆಯ ಚಿಂತೆ ಬೇಡವೆಂಬ ಯೇಸುವಿನ ಬೋಧನೆಯನ್ನು ಈ ಜನರ ಮುಂದೆ ಓದಲು ಎದೆ ಬೇಕು. ತಿಂಗಳ ಸಂಬಳದವನು ಹೇಳಿದರೆ ಅದು ಬುದ್ಧಿವಾದ. ಚೀಟಿಯ ಕಂತು ಬಾಕಿಯಿರುವ, ಸುತ್ತಿದ ಮೋಟಾರಿನ ಹಣ ಇನ್ನೂ ಕೈಗೆ ಬರದ ಮನುಷ್ಯ ಹೇಳಿದಾಗ ಕೇಳುವವರು ತಲೆ ಎತ್ತಿ ನೋಡುತ್ತಾರೆ. ಪಾಸ್ಟರರ ಪೌರೋಹಿತ್ಯಕ್ಕೆ ಬಲ ಬಂದಿರುವುದೇ ಅವರ ಬಡ ದುಡಿಮೆಯಿಂದ.

ಕೂಟ ಮುಗಿದು ಬೈಕು ಹತ್ತುವಾಗ ರೈತನೊಬ್ಬ ಓಡಿ ಬರುತ್ತಾನೆ. ಹೆಂಡತಿಗೆ ಜ್ವರ ಇಳಿದಿಲ್ಲ, ಮೋಟಾರು ಬೇರೆ ಸುಟ್ಟಿದೆ. ಪಾಸ್ಟರ್ ಬೈಕಿನಿಂದ ಇಳಿಯುತ್ತಾರೆ.

‘ಪ್ರಾರ್ಥನೆ ಈಗಲೇ ಮಾಡೋಣ. ನಾಳೆ ಬೆಳಗ್ಗೆ ಅವರನ್ನ ಡಾಕ್ಟರ್ ಹತ್ರ ತೋರಿಸು. ಮೋಟಾರು ಆರು ಗಂಟೆಗೆ ಅಂಗಡಿಗೆ ತಂದಿಳಿಸು. ತಂತಿ ದುಡ್ಡು ಮಾತ್ರ ಮೊದಲೇ ಕೊಡಬೇಕಪ್ಪ.’